ವರ್ಜೀನಿಯಾ: ಕಡಲಂಚಿನಿಂದ ನೀಲಿ ಬೆಟ್ಟದವರೆಗೆ

ಮಗ–ಸೊಸೆಯನ್ನೋ ಮಗಳು–ಅಳಿಯನನ್ನೋ ನೋಡಲು ಅಮೆರಿಕದ ರಾಜಧಾನಿಗೆಂದು ಹೊರಟವರಲ್ಲಿ ಬಹಳ ಮಂದಿ ಇಳಿಯುವುದು ಡಲಸ್ ವಿಮಾನ ನಿಲ್ದಾಣದಲ್ಲಿ. ಟಿಕೆಟ್ಟಿನ ಮೇಲೆ ವಾಷಿಂಗ್ಟನ್ ಎಂದಿದ್ದರೂ ಕಾಲಿಡುವುದು ವರ್ಜೀನಿಯಾದ ನೆಲಕ್ಕೆ. ಸಾಫ್ಟ್‌ವೇರ್ ಮಂದಿ ಮನೆ ಮಾಡಿಕೊಂಡಿರುವ ಆ್ಯಶ್‌ಬರ್ನ್, ಹರ್ನ್‌ಡನ್ ಕೂಡ ವರ್ಜೀನಿಯಾದ ಊರುಗಳೇ. ಆದರೂ ಮೊದಲ ವಾರಾಂತ್ಯಕ್ಕೆ ಶ್ವೇತಭವನ, ಮುಂದಿನದಕ್ಕೆ ನ್ಯೂಯಾರ್ಕ್, ರಜೆ ಸಿಕ್ಕರೆ ನಯಾಗರಾ ಎಂದು ಪಟ್ಟಿ ಸಿದ್ಧವಾಗಿಬಿಡುತ್ತದೆ. ಉಳಿದುಕೊಂಡಿರುವ ರಾಜ್ಯಕ್ಕೆ ಮಾತ್ರ ಆ ಪಟ್ಟಿಯಲ್ಲಿ ಜಾಗವಿರುವುದಿಲ್ಲ.

ಅಮೆರಿಕದಲ್ಲಿ ಇಂಗ್ಲಿಷರು ನೆಲೆಯೂರಿ ಉಳಿದ ಮೊದಲ ವಸಾಹತು ಇಲ್ಲಿಯದು. ಸ್ವಾತಂತ್ರ್ಯ ಯುದ್ಧದ ಕೊನೆಯ ದೊಡ್ಡ ಕಾಳಗ ನಡೆದದ್ದು, ಅಂತರ್ಯುದ್ಧದಲ್ಲಿ ದಕ್ಷಿಣದವರ ಜನರಲ್ ಲೀ ಶರಣಾದದ್ದು ಇಲ್ಲಿಯೇ. ಎಂಟು ಅಧ್ಯಕ್ಷರು ಹುಟ್ಟಿದ ರಾಜ್ಯವಿದು. ಇವೆಲ್ಲದರ ಬೆನ್ನಿಗೆ ಬ್ಲೂ ರಿಡ್ಜ್ ಬೆಟ್ಟಸಾಲು. ಒಂದು ಕಾರು, ಒಂದು ವಾರ, ಜೊತೆಗೆ ಸ್ವಲ್ಪ ಪೂರ್ವಸಿದ್ಧತೆ ಇದ್ದರೆ ಇಷ್ಟನ್ನೂ ಒಂದು ಸುತ್ತಿನಲ್ಲಿ ನೋಡಿ ಬರಬಹುದು.

ಸಿದ್ಧತೆಯಲ್ಲಿ ಮೊದಲು ತೀರ್ಮಾನಿಸಬೇಕಾದದ್ದು ದಿಕ್ಕು. ಬೆಟ್ಟ ಹತ್ತಿರವಿದೆ ಎಂದು ಹೆಚ್ಚಿನವರು ಅಲ್ಲಿಂದಲೇ ಶುರುಮಾಡುತ್ತಾರೆ. ಅದರ ಬದಲು ಮೊದಲ ದಿನವೇ ಆಗ್ನೇಯಕ್ಕೆ, ಕಡಲ ಕಡೆಗೆ ಇಳಿಯಿರಿ. ಅಲ್ಲಿಂದ ಪಶ್ಚಿಮಕ್ಕೆ ತಿರುಗಿದರೆ ರಸ್ತೆಯ ಜೊತೆಗೆ ಶತಮಾನಗಳೂ ಸಾಗುತ್ತವೆ: ಕಡಲಂಚಿನಲ್ಲಿ 1607, ನಡುನಾಡಿನಲ್ಲಿ 1865, ಬೆಟ್ಟದ ಮೇಲೆ 1935. ಎರಡನೆಯ ತೀರ್ಮಾನ ಇನ್ನೂ ಮುಖ್ಯ. ಇಲ್ಲಿನ ಪ್ರತಿ ತಾಣಕ್ಕೂ ಎರಡು ಕಥೆಗಳಿವೆ. ಒಂದು ಫಲಕದ ಮೇಲೆ ದೊಡ್ಡ ಅಕ್ಷರದಲ್ಲಿರುತ್ತದೆ. ಇನ್ನೊಂದು ಅಲ್ಲಿ ದುಡಿದವರದು, ಅಲ್ಲಿಂದ ಎಬ್ಬಿಸಲ್ಪಟ್ಟವರದು. ಅದನ್ನು ಕೇಳಲು ಸಮಯ ಎತ್ತಿಡದಿದ್ದರೆ ವರ್ಜೀನಿಯಾ ಬರೀ ಚೆಂದದ ಇಟ್ಟಿಗೆ ಕಟ್ಟಡಗಳ ನಾಡಾಗಿ ಉಳಿದುಬಿಡುತ್ತದೆ.

ಮೊದಲ ಮೂರು ದಿನ: ನದಿ ಮತ್ತು ಕೊಲ್ಲಿಯ ನಡುವೆ

ಡಲಸ್‌ನಿಂದ ವಿಲಿಯಮ್ಸ್‌ಬರ್ಗ್‌ಗೆ ಸುಮಾರು 265 ಕಿ.ಮೀ. ದಟ್ಟಣೆ ಇಲ್ಲದಿದ್ದರೆ ಮೂರು ಗಂಟೆ. ಶುಕ್ರವಾರ ಸಂಜೆ ಹೊರಟರೆ ಲೆಕ್ಕವೇ ಬೇರೆ. ಜೇಮ್ಸ್‌ಟೌನ್, ವಿಲಿಯಮ್ಸ್‌ಬರ್ಗ್, ಯಾರ್ಕ್‌ಟೌನ್ ಮೂರನ್ನೂ ಪೋಣಿಸುವ ಕಲೋನಿಯಲ್ ಪಾರ್ಕ್‌ವೇ ಉದ್ದ 37 ಕಿ.ಮೀ. ಮಾತ್ರ. ಲಾರಿಗಳಿಗೆ ಪ್ರವೇಶವಿಲ್ಲದ, ಜಾಹೀರಾತು ಫಲಕಗಳಿಲ್ಲದ ಈ ರಸ್ತೆ ಒಂದೆಡೆ ವಿಲಿಯಮ್ಸ್‌ಬರ್ಗ್ ಊರಿನ ಅಡಿಯಲ್ಲೇ ಸುರಂಗವಾಗಿ ಹಾದುಹೋಗುತ್ತದೆ. ವಿಲಿಯಮ್ಸ್‌ಬರ್ಗ್‌ನಲ್ಲಿ ಕೋಣೆ ಹಿಡಿದರೆ ಮೂರು ದಿನವೂ ಗಂಟುಮೂಟೆ ಕಟ್ಟಬೇಕಿಲ್ಲ.

ಜೇಮ್ಸ್‌ಟೌನ್ ಹೆಸರಿನಲ್ಲಿ ಎರಡು ತಾಣಗಳಿವೆ, ಟಿಕೆಟ್ಟೂ ಬೇರೆ ಬೇರೆ. ಜೇಮ್ಸ್‌ಟೌನ್ ಸೆಟಲ್‌ಮೆಂಟ್ ಎಂಬುದು ರಾಜ್ಯ ಸರ್ಕಾರದ ವಸ್ತುಸಂಗ್ರಹಾಲಯ. ಇಂಗ್ಲಿಷರು ಬಂದ ಮೂರು ಹಡಗುಗಳ ಪ್ರತಿರೂಪಗಳನ್ನು ಹತ್ತಿ ನೋಡಬಹುದು, ಮಕ್ಕಳಿಗೆ ಇದು ಇಷ್ಟವಾಗುತ್ತದೆ. ಹಿಸ್ಟಾರಿಕ್ ಜೇಮ್ಸ್‌ಟೌನ್ ನಿಜವಾದ ಜಾಗ. 1607ರ ಮೇ ತಿಂಗಳಲ್ಲಿ 104 ಗಂಡಸರು ಮತ್ತು ಹುಡುಗರು ಇಳಿದು ಕಟ್ಟಿದ ಕೋಟೆ ಜೇಮ್ಸ್ ನದಿಯ ಪಾಲಾಯಿತೆಂದೇ ಹೆಚ್ಚಿನವರು ನಂಬಿದ್ದರು. 1994ರಲ್ಲಿ ಉತ್ಖನನ ಶುರುವಾದ ಮೇಲೆ ಅದರ ಗುರುತುಗಳು ದಡದ ಮಣ್ಣಿನಲ್ಲೇ ಸಿಕ್ಕವು. ಅಗೆತ ಇನ್ನೂ ನಡೆಯುತ್ತಿದೆ, ಸಂಶೋಧಕರ ಕೆಲಸವನ್ನು ಪಕ್ಕದಲ್ಲೇ ನಿಂತು ನೋಡಬಹುದು. 1609–10ರ ಚಳಿಗಾಲದ ಹಸಿವಿನಲ್ಲಿ ಇಲ್ಲಿದ್ದವರ ಪೈಕಿ ಬದುಕಿ ಉಳಿದವರು ಸುಮಾರು 60 ಮಂದಿ. ವಸಾಹತನ್ನು ಉಳಿಸಿದ್ದು ಚಿನ್ನವಲ್ಲ, ಹೊಗೆಸೊಪ್ಪು. 1612ರ ಸುಮಾರಿಗೆ ಜಾನ್ ರಾಲ್ಫ್ ವೆಸ್ಟ್ ಇಂಡೀಸ್ ಕಡೆಯ ತಳಿಯನ್ನು ಇಲ್ಲಿ ಬೆಳೆಸಿದ. ಇಂದು ಹುಣಸೂರು, ಪಿರಿಯಾಪಟ್ಟಣದ ರೈತರು ಬ್ಯಾರನ್‌ಗಳಲ್ಲಿ ಹದಮಾಡಿ ಹರಾಜಿಗೆ ಒಯ್ಯುವ ಸೊಪ್ಪಿಗೂ ವರ್ಜೀನಿಯಾ ತಂಬಾಕು ಎಂದೇ ಹೆಸರು.

ಆ ಬೆಳೆಗೆ ಆಳುಗಳು ಬೇಕಾದರು. 1619ರ ಆಗಸ್ಟ್‌ನಲ್ಲಿ ಇಪ್ಪತ್ತಕ್ಕೂ ಹೆಚ್ಚು ಆಫ್ರಿಕನ್ನರನ್ನು ಹಡಗೊಂದು ತಂದಿಳಿಸಿದ್ದು ಪಾಯಿಂಟ್ ಕಂಫರ್ಟ್‌ನಲ್ಲಿ, ಅಂದರೆ ಇಂದಿನ ಹ್ಯಾಂಪ್ಟನ್ ನಗರದ ಫೋರ್ಟ್ ಮನ್ರೋ ಇರುವಲ್ಲಿ. ವಿಲಿಯಮ್ಸ್‌ಬರ್ಗ್‌ನಿಂದ ಒಂದು ಗಂಟೆಯೊಳಗಿನ ದಾರಿ. ಅಂತರ್ಯುದ್ಧದ ಶುರುವಿನಲ್ಲಿ, 1861ರ ಮೇ ತಿಂಗಳಲ್ಲಿ, ಮೂವರು ಗುಲಾಮರು ತಪ್ಪಿಸಿಕೊಂಡು ಇದೇ ಕೋಟೆಗೆ ಬಂದಾಗ ಅಲ್ಲಿದ್ದ ಉತ್ತರದವರ ಸೇನಾಧಿಕಾರಿ ಬಟ್ಲರ್ ಅವರನ್ನು ಮಾಲೀಕನಿಗೆ ಒಪ್ಪಿಸಲಿಲ್ಲ. ಸುದ್ದಿ ಹಬ್ಬಿ ಸಾವಿರಾರು ಜನ ಇತ್ತ ನಡೆದರು. ಗುಲಾಮಗಿರಿ ಬಂದಿಳಿದ ಕಡಲ ತೀರದಲ್ಲೇ ಅದರ ಅಂತ್ಯವೂ ಶುರುವಾಯಿತು. ಪ್ರವಾಸಿಗರ ಸಾಮಾನ್ಯ ಪಟ್ಟಿಯಲ್ಲಿ ಫೋರ್ಟ್ ಮನ್ರೋ ಅಪರೂಪ, ನಿಮ್ಮ ಪಟ್ಟಿಯಲ್ಲಿರಲಿ.

ವಿಲಿಯಮ್ಸ್‌ಬರ್ಗ್ 1699ರಿಂದ 1780ರವರೆಗೆ ವರ್ಜೀನಿಯಾದ ರಾಜಧಾನಿಯಾಗಿತ್ತು. ರಾಜಧಾನಿ ರಿಚ್‌ಮಂಡ್‌ಗೆ ಹೋದ ಮೇಲೆ ಮಂಕಾಗಿದ್ದ ಊರನ್ನು 1920ರ ದಶಕದಿಂದ ಹದಿನೆಂಟನೆಯ ಶತಮಾನದ ರೂಪಕ್ಕೆ ಮರಳಿಸಿದ್ದು ಪಾದ್ರಿ ಗುಡ್ವಿನ್ ಅವರ ಹಟ, ಜಾನ್ ಡಿ. ರಾಕೆಫೆಲರ್ ಜೂನಿಯರ್ ಅವರ ಹಣ. ಬೀದಿಗಳಲ್ಲಿ ಅಡ್ಡಾಡಲು ಟಿಕೆಟ್ ಬೇಡ, ಕಟ್ಟಡಗಳ ಒಳಗೆ ಹೋಗಲು ಬೇಕು. ಕಮ್ಮಾರ, ಬಡಗಿ, ಮುದ್ರಕರು ಹಳೆಯ ಉಪಕರಣಗಳಲ್ಲೇ ಕೆಲಸ ಮಾಡುತ್ತಿರುತ್ತಾರೆ, ಕೇಳಿದ್ದಕ್ಕೆಲ್ಲ ಉತ್ತರಿಸುತ್ತಾರೆ. ಆಗಿನ ಊರಿನ ಜನಸಂಖ್ಯೆಯಲ್ಲಿ ಅರ್ಧಕ್ಕಿಂತ ಹೆಚ್ಚು ಕಪ್ಪು ಜನರೇ ಇದ್ದರು. 1776ರಿಂದ ತಮ್ಮ ಪರಂಪರೆಯನ್ನು ಎಣಿಸುವ, ಕಪ್ಪು ಜನರದೇ ಆದ ಫಸ್ಟ್ ಬ್ಯಾಪ್ಟಿಸ್ಟ್ ಚರ್ಚಿನವರ ಹಳೆಯ ಕಟ್ಟಡವನ್ನು 1950ರ ದಶಕದಲ್ಲಿ ಕೆಡವಲಾಯಿತು, ಆಮೇಲೆ ಆ ಜಾಗ ವಾಹನ ನಿಲ್ದಾಣವಾಯಿತು. 2020ರಲ್ಲಿ ಡಾಂಬರು ತೆಗೆದು ಅಗೆಯಲು ಶುರುಮಾಡಿದಾಗ ಬುನಾದಿಯೂ ಸಮಾಧಿಗಳೂ ಸಿಕ್ಕವು.

ಮೂರನೆಯ ದಿನ ಯಾರ್ಕ್‌ಟೌನ್. 1781ರ ಅಕ್ಟೋಬರ್ 19ರಂದು ಲಾರ್ಡ್ ಕಾರ್ನ್‌ವಾಲಿಸ್‌ನ ಸೇನೆ ಜಾರ್ಜ್ ವಾಷಿಂಗ್ಟನ್‌ಗೆ ಶರಣಾದದ್ದು ಇಲ್ಲಿ. ಮೈ ಸರಿಯಿಲ್ಲವೆಂದು ಹೇಳಿ ಕಾರ್ನ್‌ವಾಲಿಸ್ ಮೈದಾನಕ್ಕೇ ಬರಲಿಲ್ಲ, ಕತ್ತಿ ಒಪ್ಪಿಸಲು ಕೈಕೆಳಗಿನವನನ್ನು ಕಳಿಸಿದ. ಐದು ವರ್ಷದೊಳಗೆ ಅದೇ ಕಾರ್ನ್‌ವಾಲಿಸ್ ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದ. 1791ರಲ್ಲಿ ಬೆಂಗಳೂರು ಕೋಟೆ ಹಿಡಿದ, 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಅರ್ಧ ರಾಜ್ಯವನ್ನೂ ಇಬ್ಬರು ಗಂಡುಮಕ್ಕಳನ್ನೂ ಕಸಿದುಕೊಂಡ. ಯಾರ್ಕ್‌ಟೌನ್‌ನಲ್ಲಿ ಅವನನ್ನು ಕಟ್ಟಿಹಾಕಿದ್ದು ಕೊಲ್ಲಿಯ ಬಾಯಿ ಮುಚ್ಚಿದ ಫ್ರೆಂಚ್ ನೌಕಾಪಡೆ. ಹತ್ತು ವರ್ಷದ ಬಳಿಕ ಟಿಪ್ಪುವೂ ಅದೇ ಫ್ರೆಂಚರ ನೆರವು ಬಯಸಿದ್ದ. ಆದರೆ ಕ್ರಾಂತಿಯ ಸುಳಿಯಲ್ಲಿದ್ದ ಫ್ರಾನ್ಸಿನಿಂದ ಆ ನೆರವು ಬರಲಿಲ್ಲ. ಯಾರ್ಕ್‌ಟೌನ್‌ನ ಮಣ್ಣಿನ ದಿಬ್ಬಗಳ ನಡುವೆ ಗೈಡ್ ಹೇಳದ ಈ ಅಧ್ಯಾಯವನ್ನು ಕನ್ನಡದ ಪ್ರವಾಸಿಯೇ ಸೇರಿಸಿಕೊಳ್ಳಬೇಕು.

ನಾಲ್ಕು ಮತ್ತು ಐದನೆಯ ದಿನ: ರಿಚ್‌ಮಂಡ್, ಶಾರ್ಲಟ್ಸ್‌ವಿಲ್

ವಿಲಿಯಮ್ಸ್‌ಬರ್ಗ್‌ನಿಂದ ರಿಚ್‌ಮಂಡ್‌ಗೆ 80 ಕಿ.ಮೀ. ಅಂತರ್ಯುದ್ಧದಲ್ಲಿ ದಕ್ಷಿಣದವರ ರಾಜಧಾನಿಯಾಗಿದ್ದ ಈ ನಗರದ ಮಾನ್ಯುಮೆಂಟ್ ಅವೆನ್ಯೂದಲ್ಲಿ ಅವರ ಸೇನಾನಿಗಳ ಪ್ರತಿಮೆಗಳು ಸಾಲಾಗಿ ನಿಂತಿದ್ದವು. 1890ರಿಂದ ನಿಂತಿದ್ದ ಲೀ ಪ್ರತಿಮೆಯನ್ನು 2021ರ ಸೆಪ್ಟೆಂಬರ್‌ನಲ್ಲಿ ಇಳಿಸಲಾಯಿತು. ಈಗ ಆ ಬೀದಿಯಲ್ಲಿ ಉಳಿದಿರುವುದು ಇದೇ ಊರಿನಲ್ಲಿ ಹುಟ್ಟಿದ ಟೆನಿಸ್ ಆಟಗಾರ ಆರ್ಥರ್ ಆ್ಯಶ್ ಪ್ರತಿಮೆ. ಅಧ್ಯಕ್ಷನಾಗಿದ್ದ ಥಾಮಸ್ ಜೆಫರ್ಸನ್ ವಿನ್ಯಾಸದ ಶಾಸನಸಭಾ ಭವನ ನೋಡಿ ಮಧ್ಯಾಹ್ನದ ಹೊತ್ತಿಗೆ ಹೊರಡಬಹುದು. ಯುದ್ಧದ ಇತಿಹಾಸದಲ್ಲಿ ಆಸಕ್ತಿಯಿದ್ದರೆ ದಾರಿ ಸ್ವಲ್ಪ ಸುತ್ತಾದರೂ ಅಪ್ಪೊಮ್ಯಾಟಕ್ಸ್ ಮೂಲಕ ಹೋಗಿ. 1865ರ ಏಪ್ರಿಲ್ 9ರಂದು ಲೀ, ಉತ್ತರದವರ ಜನರಲ್ ಗ್ರಾಂಟ್‌ಗೆ ಶರಣಾದ ಮನೆ ಅಲ್ಲಿದೆ. ಮನೆಯ ಯಜಮಾನ ವಿಲ್ಮರ್ ಮೆಕ್ಲೀನ್‌ನ ಹಿಂದಿನ ನೆಲೆ ಮನಾಸಸ್‌ನಲ್ಲಿತ್ತು. ಯುದ್ಧದ ಮೊದಲ ದೊಡ್ಡ ಕಾಳಗ ಅವನ ತೋಟದ ಸುತ್ತ ನಡೆದಿತ್ತು. ದೂರ ಬಂದು ನೆಲೆಸಿದರೂ ಯುದ್ಧ ಅವನ ನಡುಮನೆಯಲ್ಲೇ ಮುಗಿಯಿತು.

ಶಾರ್ಲಟ್ಸ್‌ವಿಲ್ ಅಂಚಿನ ಗುಡ್ಡದ ಮೇಲೆ ಥಾಮಸ್ ಜೆಫರ್ಸನ್ ಮನೆ ಮಾಂಟಿಚೆಲ್ಲೊ. ಇದಕ್ಕೂ ಅವನೇ ಕಟ್ಟಿದ ವರ್ಜೀನಿಯಾ ವಿಶ್ವವಿದ್ಯಾಲಯಕ್ಕೂ 1987ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಮಾನ್ಯತೆ ಸಿಕ್ಕಿತು. ತನ್ನ ಗೋರಿಯ ಮೇಲೆ ಸ್ವಾತಂತ್ರ್ಯ ಘೋಷಣೆ, ಧಾರ್ಮಿಕ ಸ್ವಾತಂತ್ರ್ಯದ ಕಾಯ್ದೆ, ವಿಶ್ವವಿದ್ಯಾಲಯ ಈ ಮೂರರ ಉಲ್ಲೇಖ ಸಾಕೆಂದ. ಅಧ್ಯಕ್ಷನಾಗಿದ್ದನ್ನು ಬರೆಸಲಿಲ್ಲ. ಮನುಷ್ಯರೆಲ್ಲ ಸಮಾನರೆಂದು ಬರೆದ ಆತ ಬದುಕಿನುದ್ದಕ್ಕೂ 600ಕ್ಕಿಂತ ಹೆಚ್ಚು ಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದ. ಅವನು ತೀರಿಕೊಂಡ ಮರುವರ್ಷ, 1827ರಲ್ಲಿ, ಸಾಲ ತೀರಿಸಲು 130 ಮಂದಿಯನ್ನು ಇದೇ ಮನೆಯಂಗಳದಲ್ಲಿ ಹರಾಜು ಹಾಕಲಾಯಿತು. ಮಾಂಟಿಚೆಲ್ಲೊ ಇದನ್ನು ಮುಚ್ಚಿಡುವುದಿಲ್ಲ. ಗುಲಾಮರು ದುಡಿದ ಮಲ್ಬೆರಿ ರೋ ಸಾಲನ್ನೂ ಅವರಲ್ಲೊಬ್ಬಳಾದ ಸ್ಯಾಲಿ ಹೆಮಿಂಗ್ಸ್ ಕುರಿತ ಪ್ರದರ್ಶನವನ್ನೂ ಬಿಡದೆ ನೋಡಿ. ಮನೆ ನೋಡಲು ಒಂದು ಗಂಟೆಯಾದರೆ ಇದಕ್ಕೆ ಎರಡು ಗಂಟೆ ಇರಲಿ.

ಕೊನೆಯ ಎರಡು ದಿನ: ಬೆಟ್ಟದ ನೆತ್ತಿಯ ರಸ್ತೆ

ಶಾರ್ಲಟ್ಸ್‌ವಿಲ್‌ನಿಂದ ಅರ್ಧ ಗಂಟೆ ಪಶ್ಚಿಮಕ್ಕೆ ಹೋದರೆ ರಾಕ್‌ಫಿಶ್ ಗ್ಯಾಪ್. ಶೆನಂಡೋವಾ ರಾಷ್ಟ್ರೀಯ ಉದ್ಯಾನದ ದಕ್ಷಿಣದ ಬಾಗಿಲು ಇದು. ಇಲ್ಲಿಂದ ಉತ್ತರದ ಫ್ರಂಟ್ ರಾಯಲ್‌ವರೆಗೆ ಬೆಟ್ಟದ ನೆತ್ತಿಯ ಮೇಲೇ 169 ಕಿ.ಮೀ. ಓಡುವುದು ಸ್ಕೈಲೈನ್ ಡ್ರೈವ್. ವೇಗಮಿತಿ ಗಂಟೆಗೆ 35 ಮೈಲಿ. ಅವಸರಪಡಲು ಆಸ್ಪದವಿಲ್ಲ, ಪಡಲೂಬಾರದು. ಎತ್ತರದ ಶಿಖರ ಹಾಕ್ಸ್‌ಬಿಲ್ 1,235 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತ ಸುಮಾರು 700 ಮೀಟರ್ ಕಡಿಮೆ. ಇಲ್ಲಿ ಮನಸೆಳೆಯುವುದು ಎತ್ತರವಲ್ಲ, ಅಲೆಯ ಹಿಂದೆ ಅಲೆಯಾಗಿ ನಿಂತ ಸಾಲುಗಳ ನೀಲಿ. ಮರಗಳು ಹೊರಸೂಸುವ ಐಸೊಪ್ರೀನ್‌ನಿಂದ ಹುಟ್ಟುವ ಸೂಕ್ಷ್ಮ ಕಣಗಳು ಬೆಳಕನ್ನು ಚದುರಿಸುವುದರಿಂದ ಆ ಬಣ್ಣ.

ವಯಸ್ಸಾದವರು ಜೊತೆಗಿದ್ದರೆ ಸ್ಟೋನಿ ಮ್ಯಾನ್ ಶಿಖರದ ದಾರಿ ಸಲೀಸು, ಹೋಗಿಬರಲು ಎರಡೂವರೆ ಕಿ.ಮೀ. ಡಾರ್ಕ್ ಹಾಲೋ ಜಲಪಾತಕ್ಕೆ ಇಳಿಯುವುದು ಸುಲಭ, ಹತ್ತುವುದು ಏದುಸಿರು. ಪೆಟ್ರೋಲ್ ಸಿಗುವುದು ಬಿಗ್ ಮೆಡೋಸ್‌ನಲ್ಲಿ ಮಾತ್ರ, ಮೊಬೈಲ್ ಸಿಗ್ನಲ್ ನಂಬಬೇಡಿ. ಸಂಜೆ ಜಿಂಕೆಗಳು ರಸ್ತೆಗೆ ಬರುತ್ತವೆ, ಕರಡಿಗಳೂ ಇವೆ.

ಮನುಷ್ಯರು ಮುಟ್ಟದ ಕಾಡಿನಂತೆ ಕಾಣುವ ಇದು ನೂರು ವರ್ಷದ ಹಿಂದೆ ಹೊಲ, ಸೇಬಿನ ತೋಟ, ಹುಲ್ಲುಗಾವಲು. 1935ರ ಡಿಸೆಂಬರ್‌ನಲ್ಲಿ ಉದ್ಯಾನ ಸ್ಥಾಪನೆಯಾಗುವ ಸುಮಾರಿಗೆ ಅಂದಾಜು 500 ಕುಟುಂಬಗಳು ಮನೆ ಬಿಡಬೇಕಾಯಿತು. ಕಾಲುದಾರಿಗಳ ಬದಿಯಲ್ಲಿ ಕಾಣುವ ಕಲ್ಲಿನ ಚಿಮಣಿ, ಗೋರಿಗಳು ಅವರವು. ಕಪ್ಪು ಜನರಿಗೆಂದು ಪ್ರತ್ಯೇಕಿಸಿದ್ದ ಲೂಯಿಸ್ ಮೌಂಟನ್ ಶಿಬಿರತಾಣವೂ ಇದೇ ರಸ್ತೆಯಲ್ಲಿದೆ. ಬಿಗ್ ಮೆಡೋಸ್‌ನ ಮಾಹಿತಿ ಕೇಂದ್ರದಲ್ಲಿ ಈ ಕಥೆಗಳಿಗೆ ಜಾಗ ಕೊಟ್ಟಿದ್ದಾರೆ. ಫ್ರಂಟ್ ರಾಯಲ್‌ಗೆ ಇಳಿದರೆ ಡಲಸ್ ಸುಮಾರು ಒಂದು ಗಂಟೆ.

ಹೊರಡುವ ಮುನ್ನ

ಎಲೆ ಕೆಂಪಾಗುವ ಅಕ್ಟೋಬರ್ ಮಧ್ಯಭಾಗ ಎಲ್ಲರ ಆಯ್ಕೆ. ಬೆಟ್ಟದ ಕೋಣೆಗಳನ್ನು ತಿಂಗಳುಗಳ ಮೊದಲೇ ಕಾದಿರಿಸಿ, ಬೆಟ್ಟದ ದಿನಗಳು ವಾರದ ನಡುವೆ ಬರುವಂತೆ ಹೊಂದಿಸಿಕೊಳ್ಳಿ. ಕರಾವಳಿಯ ಬೇಸಿಗೆ ಬೆವರಿಳಿಸುತ್ತದೆ. ಅದರ ಬದಲು ಡಾಗ್‌ವುಡ್ ಅರಳುವ ಏಪ್ರಿಲ್ ಒಳ್ಳೆಯದು. ಕಾರು ಬಾಡಿಗೆಗೆ ಪಡೆಯುವವರು ಭಾರತದ ಲೈಸೆನ್ಸ್ ಜೊತೆ ಅಂತಾರಾಷ್ಟ್ರೀಯ ಪರವಾನಗಿಯನ್ನೂ ಇಟ್ಟುಕೊಂಡಿರಲಿ. ವೇಗದ ವಿಷಯದಲ್ಲಿ ವರ್ಜೀನಿಯಾ ಬಲು ಕಟ್ಟುನಿಟ್ಟು. ಮಿತಿಗಿಂತ 20 ಮೈಲಿ ಹೆಚ್ಚು ವೇಗ, ಅಥವಾ ಎಲ್ಲೇ ಆಗಲಿ 85 ಮೈಲಿ ದಾಟಿದರೆ ಅದು ಬರೀ ದಂಡದ ಮಾತಲ್ಲ, ಕ್ರಿಮಿನಲ್ ಅಪರಾಧ. ಚಾಲಕರು ಕೈಯಲ್ಲಿ ಫೋನ್ ಹಿಡಿಯುವುದೂ ನಿಷಿದ್ಧ.

ವಾರವಿಲ್ಲ, ಮೂರೇ ದಿನ ಎನ್ನುವವರು ರಿಚ್‌ಮಂಡ್, ಅಪ್ಪೊಮ್ಯಾಟಕ್ಸ್ ಬಿಡಿ. ಜೇಮ್ಸ್‌ಟೌನ್–ಯಾರ್ಕ್‌ಟೌನ್‌ಗೆ ಒಂದು ದಿನ, ಮಾಂಟಿಚೆಲ್ಲೊಗೆ ಒಂದು, ಬೆಟ್ಟಕ್ಕೆ ಒಂದು. ಎಲ್ಲೇ ಹೋದರೂ ಟಿಕೆಟ್ ಕೌಂಟರಿನಲ್ಲಿ ಮೊದಲು ಒಂದು ಪ್ರಶ್ನೆ ಕೇಳಿ: ಇಲ್ಲಿ ದುಡಿದವರ, ಇಲ್ಲಿಂದ ಹೋಗಬೇಕಾಗಿ ಬಂದವರ ಕಥೆ ಹೇಳುವ ಸುತ್ತು ಎಷ್ಟು ಗಂಟೆಗೆ? ಆ ಗಂಟೆಯನ್ನು ಮೊದಲು ಗುರುತು ಹಾಕಿಕೊಂಡು, ಊಟ, ಫೋಟೊ, ಅಂಗಡಿಗಳನ್ನು ಅದರ ಆಚೀಚೆ ಹೊಂದಿಸಿಕೊಳ್ಳಿ.