ಗೋಡೆಯ ಮೇಲಿನ ನಕ್ಷೆ, ಯಂತ್ರದೊಳಗಿನ ಲೆಕ್ಕ



ನಾಳೆ ಬೆಳಿಗ್ಗೆ ಹಾಲು ಹಾಕಲು ಹೋದಾಗ ನಿಮ್ಮ ಸಂಘದ ಗೋಡೆಯನ್ನು ಒಮ್ಮೆ ನೋಡಿ. ದರಪಟ್ಟಿ ಅಂಟಿಸಿರುತ್ತದೆ. ಕೆಲವು ಸಂಘಗಳಲ್ಲಿ ಅದರ ಪಕ್ಕದಲ್ಲೇ ಇನ್ನೊಂದು ಹಾಳೆಯೂ ಇರುತ್ತದೆ. ತೂಕ, ಪರೀಕ್ಷೆ, ಚೀಟಿ, ಕ್ಯಾನ್, ಬಟವಾಡೆ ಎಂದು ಬಾಣದ ಗುರುತು ಹಾಕಿ ಬರೆದ ಕೆಲಸದ ಕ್ರಮ ಅದು. ಈಗ ಮೇಜಿನ ಮೇಲಿರುವ ಯಂತ್ರವನ್ನು ನೋಡಿ. ಅದರೊಳಗೂ ಒಂದು ಕೆಲಸದ ಕ್ರಮ ಇದೆ, ಆದರೆ ಅದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ನಿಮ್ಮ ಖಾತೆಗೆ ಹಣ ಬರುವುದು ಮಾತ್ರ ಆ ಕಾಣದ ಕ್ರಮದ ಪ್ರಕಾರವೇ.

ಗೋಡೆಯೂ ಯಂತ್ರವೂ ಒಂದೇ ಮಾತು ಹೇಳುತ್ತಿದ್ದರೆ ಚಿಂತೆಯಿಲ್ಲ. ಒಂದು ಬದಲಾಗಿ ಇನ್ನೊಂದು ಹಾಗೆಯೇ ಉಳಿದರೆ ನಷ್ಟ ಯಾರಿಗೋ ಆಗಿಯೇ ತೀರುತ್ತದೆ. ಬಹಳ ಸಲ ಅದು ಹಾಲು ಹಾಕಿದವರ ಪಾಲಿಗೆ ಬರುತ್ತದೆ. ಈ ಎರಡನ್ನೂ ಸರಿಹೊಂದಿಸಿ ಇಡುವುದು ಹೇಗೆ, ಅದರಲ್ಲಿ ಸದಸ್ಯೆಯಾಗಿ ನಿಮ್ಮ ಪಾತ್ರವೇನು ಎಂಬುದನ್ನು ಈ ಲೇಖನದಲ್ಲಿ ತಿಳಿಯೋಣ.

ನಕ್ಷೆ ಎಂದರೇನು?

ಒಂದು ಕೆಲಸ ಎಲ್ಲಿ ಶುರುವಾಗಿ, ಯಾರ ಯಾರ ಕೈ ದಾಟಿ, ಎಲ್ಲಿ ಮುಗಿಯುತ್ತದೆ ಎಂದು ಚಿತ್ರ ಬರೆದು ತೋರಿಸುವುದೇ ಕಾರ್ಯವಿಧಾನದ ನಕ್ಷೆ. ಇದನ್ನು ಬರೆಯಲು ಜಗತ್ತಿನಾದ್ಯಂತ ಒಪ್ಪಿಕೊಂಡ ಗುರುತುಗಳಿವೆ. ಈ ಗುರುತುಗಳ ಪದ್ಧತಿಗೆ ಬಿಪಿಎಂಎನ್ ಎಂದು ಹೆಸರು. 2004ರಲ್ಲಿ ಮೊದಲ ಬಾರಿಗೆ ಹೊರಬಂದ ಇದರ ಎರಡನೇ ಆವೃತ್ತಿ 2011ರಲ್ಲಿ ಬಂತು. 2013ರಲ್ಲಿ ಅಂತರರಾಷ್ಟ್ರೀಯ ಮಾನಕವೂ ಆಯಿತು.

ಗುರುತುಗಳು ಕಷ್ಟದವಲ್ಲ. ತೆಳು ಗೆರೆಯ ವೃತ್ತ ಎಂದರೆ ಆರಂಭ, ದಪ್ಪ ಗೆರೆಯ ವೃತ್ತ ಎಂದರೆ ಮುಕ್ತಾಯ. ಮೂಲೆ ದುಂಡಗಿನ ಚೌಕ ಒಂದು ಕೆಲಸ. ವಜ್ರದಾಕಾರದ ಗುರುತು ಇರುವಲ್ಲಿ ದಾರಿ ಕವಲೊಡೆಯುತ್ತದೆ: ಹಾಲು ಪರೀಕ್ಷೆಯಲ್ಲಿ ಪಾಸಾದರೆ ಈ ಕಡೆ, ಇಲ್ಲದಿದ್ದರೆ ಆ ಕಡೆ. ಉದ್ದಕ್ಕೆ ಎಳೆದ ಪಟ್ಟಿಗಳು ಯಾರ ಕೆಲಸ ಯಾವುದು ಎಂದು ಹೇಳುತ್ತವೆ. ಒಂದು ಪಟ್ಟಿ ನಿಮ್ಮದು, ಒಂದು ಹಾಲು ಪರೀಕ್ಷಕರದು, ಒಂದು ಕಾರ್ಯದರ್ಶಿಯದು, ಒಂದು ಒಕ್ಕೂಟದ್ದು, ಒಂದು ಬ್ಯಾಂಕಿನದು. ಚುಕ್ಕಿ ಇಟ್ಟು ಎಳೆ ಎಳೆಯುವ ಕೈಗೆ ಇದೇನೂ ಹೊಸದಲ್ಲ.

ನಮ್ಮ ರಾಜ್ಯದಲ್ಲಿ 1974ರಿಂದ ಬೆಳೆದುಬಂದ ವ್ಯವಸ್ಥೆಗೆ ಮೂರು ಹಂತಗಳಿವೆ: ಊರಿನ ಸಂಘ, ಜಿಲ್ಲಾ ಮಟ್ಟದ ಒಕ್ಕೂಟ, ರಾಜ್ಯದ ಮಹಾಮಂಡಳ. ಹಿಂದೆ ಲೆಕ್ಕವೆಲ್ಲ ಪುಸ್ತಕದಲ್ಲಿತ್ತು. ಈಗ ಸಂಘದಲ್ಲಿ ತೂಕದ ಯಂತ್ರ, ಪರೀಕ್ಷಾ ಯಂತ್ರ, ಕಂಪ್ಯೂಟರ್ ಒಂದಕ್ಕೊಂದು ಜೋಡಿಕೊಂಡಿವೆ. ಒಕ್ಕೂಟದ ಕಚೇರಿಯಲ್ಲಿ ಬೇರೆ ತಂತ್ರಾಂಶ, ಬ್ಯಾಂಕಿನಲ್ಲಿ ಇನ್ನೊಂದು. ನೀವು ಸುರಿದ ಹಾಲು ಒಂದೇ, ಅದನ್ನು ಎಣಿಸುವ ತಂತ್ರಾಂಶಗಳು ಹಲವು. ಇವೆಲ್ಲವೂ ಒಂದೇ ನಿಯಮದಂತೆ ನಡೆಯಬೇಕಾದರೆ ನಿಯಮ ಎಲ್ಲೋ ಒಂದು ಕಡೆ ಸ್ಪಷ್ಟವಾಗಿ ಬರೆದಿರಬೇಕು, ಬರೆದದ್ದು ಎಲ್ಲ ಕಡೆಗೂ ತಲುಪಬೇಕು.

ಹೊಂದಾಣಿಕೆ ತಪ್ಪುವ ನಾಲ್ಕು ಜಾಗ

ಮೊದಲನೆಯದು ದಿನಾಂಕ. ಹಾಲಿನ ದರ ಲೀಟರಿಗೆ 2 ರೂಪಾಯಿ ಏರಿತು, 1ನೇ ತಾರೀಖಿನಿಂದ ಜಾರಿ ಎಂದು ಸುತ್ತೋಲೆ ಬಂತು ಎಂದಿಟ್ಟುಕೊಳ್ಳಿ. ಗೋಡೆಗೆ ಹೊಸ ದರಪಟ್ಟಿ ಅಂದೇ ಅಂಟಿಸಲಾಯಿತು. ಆದರೆ ಯಂತ್ರಕ್ಕೆ ಹೊಸ ದರ ತುಂಬಿದ್ದು 4ನೇ ತಾರೀಖು. ದಿನಕ್ಕೆ 10 ಲೀಟರ್ ಹಾಕುವವರಿಗೆ ಮೂರು ದಿನಕ್ಕೆ 60 ರೂಪಾಯಿ ಕಡಿಮೆ ಬರುತ್ತದೆ. 60 ರೂಪಾಯಿ ಎಂದು ನೀವು ಬಿಟ್ಟುಬಿಡಬಹುದು. ಅಷ್ಟೇ ಹಾಲು ಹಾಕುವ 100 ಸದಸ್ಯರ ಸಂಘದಲ್ಲಿ ಅದು 6,000 ರೂಪಾಯಿ. ದರ ಇಳಿದಾಗ ಇದೇ ತಪ್ಪು ತಿರುಗುಮುರುಗಾಗುತ್ತದೆ. ಮೊದಲು ಹೆಚ್ಚು ಹಣ ಬಂದು, ಮುಂದಿನ ಬಟವಾಡೆಯಲ್ಲಿ ಕಾರಣ ತಿಳಿಯದ ಕಡಿತ ಕಾಣಿಸುತ್ತದೆ.

ಎರಡನೆಯದು ಕೆ.ಜಿ. ಮತ್ತು ಲೀಟರ್. ಹಾಲು ನೀರಿಗಿಂತ ಸ್ವಲ್ಪ ಭಾರ. ಒಂದು ಲೀಟರ್ ಹಾಲು ಸುಮಾರು 1.03 ಕೆ.ಜಿ. ತೂಗುತ್ತದೆ. ತೂಕದ ಯಂತ್ರ ಕೆ.ಜಿ.ಯಲ್ಲಿ ಅಳೆದರೆ, ದರ ಲೀಟರಿನ ಮೇಲಿದ್ದರೆ, ನಡುವೆ ಎಲ್ಲೋ ಒಂದು ಕಡೆ 1.03ರಿಂದ ಭಾಗಿಸಬೇಕು. ಒಂದೇ ಒಂದು ಕಡೆ. ಸಂಘದ ಯಂತ್ರವೇ ಲೀಟರಿಗೆ ಬದಲಿಸಿದ ಮೇಲೆ ಕಚೇರಿಯ ತಂತ್ರಾಂಶ ಅದನ್ನು ಕೆ.ಜಿ. ಎಂದು ತಿಳಿದು ಮತ್ತೊಮ್ಮೆ ಭಾಗಿಸಿದರೆ ನಿಮ್ಮ 10 ಲೀಟರ್ 9.7 ಆಗುತ್ತದೆ. ತಿಂಗಳಿಗೆ ಸುಮಾರು 8.7 ಲೀಟರ್ ಹೋಯಿತು. ಲೀಟರಿಗೆ 35 ರೂಪಾಯಿ ಎಂದು ಹಿಡಿದರೂ 300 ರೂಪಾಯಿ ದಾಟುತ್ತದೆ. ಎಲ್ಲೂ ಭಾಗಿಸದೆ ಬಿಟ್ಟರೆ ನಷ್ಟ ಸಂಘಕ್ಕೆ. ವರ್ಷದ ಕೊನೆಯಲ್ಲಿ ಅದು ನಿಮ್ಮ ಬೋನಸ್‌ನಲ್ಲೇ ಕಡಿಮೆಯಾಗುತ್ತದೆ. ‘ಇಲ್ಲಿ ಲೀಟರಿಗೆ ಬದಲಿಸಬೇಕು’ ಎಂಬ ಒಂದು ಚೌಕ ನಕ್ಷೆಯಲ್ಲಿದ್ದರೆ ಇಂಥ ತಪ್ಪು ಬೇಗ ಸಿಕ್ಕಿಬೀಳುತ್ತದೆ.

ಮೂರನೆಯದು ಹೆಸರು ಮತ್ತು ಸಂಖ್ಯೆ. ಒಂದೇ ಊರಿನಲ್ಲಿ ನಾಲ್ಕು ಜನ ಲಕ್ಷ್ಮಮ್ಮ ಇರುತ್ತಾರೆ. ಹಾಗಾಗಿ ಯಂತ್ರ ನಿಮ್ಮನ್ನು ಗುರುತಿಸುವುದು ಸದಸ್ಯ ಸಂಖ್ಯೆಯಿಂದ. ಅತ್ತೆಯ ಹೆಸರಿನ ಸದಸ್ಯತ್ವ ಸೊಸೆಗೆ ಬಂದಾಗ, ಗಂಡನ ಖಾತೆಯ ಬದಲು ನಿಮ್ಮದೇ ಖಾತೆ ಕೊಟ್ಟಾಗ, ಸಂಘದ ಪುಸ್ತಕ, ಯಂತ್ರ, ಒಕ್ಕೂಟದ ಕಂಪ್ಯೂಟರ್ ಮೂರೂ ಕಡೆ ಬದಲಾಗಬೇಕು. ಒಂದು ಕಡೆ ಹಳೆಯದೇ ಉಳಿದರೆ ಹಾಲು ನಿಮ್ಮದು, ಹಣ ಇನ್ನೊಬ್ಬರ ಖಾತೆಗೆ. ಇದರಲ್ಲಿ ಹಣದ ಜೊತೆಗೆ ಹಕ್ಕೂ ಸೇರಿದೆ. ಮಹಾಸಭೆಯಲ್ಲಿ ಮತ ಹಾಕುವ ಅರ್ಹತೆ ನೋಡುವಾಗ ನಿಮ್ಮ ಹೆಸರಿನಲ್ಲಿ ದಾಖಲಾದ ಹಾಲನ್ನು ಲೆಕ್ಕ ಹಾಕುತ್ತಾರೆ. ವರ್ಷವಿಡೀ ನೀವೇ ದನ ಮೇಯಿಸಿ, ಹಾಲು ಕರೆದು, ಹೊತ್ತು ತಂದು ಸುರಿದಿರಬಹುದು. ದಾಖಲೆಯಲ್ಲಿ ಹೆಸರು ಬೇರೆಯಿದ್ದರೆ ಆ ದುಡಿಮೆ ಸಭೆಯಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ನಾಲ್ಕನೆಯದು ಕರೆಂಟ್ ಹೋದ ದಿನ. ಯಂತ್ರ ನಡೆಯದಾಗ ಕೈಬರಹದಲ್ಲಿ ಬರೆದುಕೊಳ್ಳುತ್ತಾರೆ. ಅದನ್ನು ಯಂತ್ರಕ್ಕೆ ಏರಿಸುವುದು ಯಾರು, ಯಾವಾಗ, ಆ ಹೊತ್ತಿನ ಜಿಡ್ಡಿನ ಅಂಕಿ ಯಾವುದು? ಬಹಳಷ್ಟು ನಕ್ಷೆಗಳಲ್ಲಿ ಈ ದಾರಿಯೇ ಇರುವುದಿಲ್ಲ. ನಕ್ಷೆ ಬರೆದವರು ಎಲ್ಲವೂ ಸರಿಯಾಗಿ ನಡೆಯುವ ದಿನವನ್ನಷ್ಟೇ ನೆನೆದಿರುತ್ತಾರೆ. ಕೊಟ್ಟಿಗೆಯಲ್ಲಿ ಬದುಕುವ ನಮಗೆ ಅಂಥ ದಿನಗಳು ಎಷ್ಟು ಅಪರೂಪ ಎಂದು ಗೊತ್ತು.

ದೊಡ್ಡ ಕಂಪನಿಗಳು ಏನು ಮಾಡುತ್ತವೆ?

ಈ ಸಮಸ್ಯೆ ನಮ್ಮೊಬ್ಬರದೇ ಅಲ್ಲ. ಸಾವಿರಾರು ಜನ ಕೆಲಸ ಮಾಡುವ ಕಂಪನಿಗಳಲ್ಲಿ ನಕ್ಷೆ ಬರೆಯುವ ತಂತ್ರಾಂಶ ಒಂದು, ದಿನದ ವ್ಯವಹಾರ ನಡೆಸುವ ತಂತ್ರಾಂಶ ಇನ್ನೊಂದು. ಜರ್ಮನಿಯ ಪ್ರಾಧ್ಯಾಪಕ ಆಗಸ್ಟ್ ವಿಲ್ಹೆಲ್ಮ್ ಶೇರ್ ಅವರ ಆಲೋಚನೆಯಿಂದ ಹುಟ್ಟಿದ ಆರಿಸ್ ನಕ್ಷೆಗಳಿಗೆ ಹೆಸರಾದದ್ದು. ಅದೇ ದೇಶದಲ್ಲಿ 1972ರಲ್ಲಿ ಆರಂಭವಾದ ಸ್ಯಾಪ್ ಕಂಪನಿಯ ತಂತ್ರಾಂಶ ಖರೀದಿ, ದಾಸ್ತಾನು, ಪಾವತಿಗಳ ಲೆಕ್ಕಕ್ಕೆ ಹೆಸರಾದದ್ದು. ಇವೆರಡನ್ನೂ ಹೊಂದಿಸುವುದೇ ಅಲ್ಲಿ ಒಂದು ದೊಡ್ಡ ಕೆಲಸ. 2021ರಲ್ಲಿ ಸ್ಯಾಪ್ ಕಂಪನಿ ಸಿಗ್ನಾವಿಯೊ ಎಂಬ ನಕ್ಷೆಗಳ ಕಂಪನಿಯನ್ನೇ ಕೊಂಡುಕೊಂಡಿತು.

ಅವರು ಅನುಸರಿಸುವ ಕ್ರಮ ನಿಮಗೆ ಹೊಸದೆನಿಸುವುದಿಲ್ಲ. ಸ್ತ್ರೀಶಕ್ತಿ ಸಂಘದಲ್ಲಿ ಪ್ರತಿನಿಧಿಯ ಬಳಿ ಒಂದು ಲೆಕ್ಕದ ಪುಸ್ತಕ, ನಿಮ್ಮ ಕೈಯಲ್ಲಿ ಒಂದು ಪಾಸ್‌ಪುಸ್ತಕ ಇರುತ್ತದಲ್ಲ, ಅವನ್ನು ತಾಳೆ ನೋಡುವ ಹಾಗೆಯೇ ಇದು.

ಮೊದಲಿಗೆ, ಪ್ರತಿ ಕೆಲಸಕ್ಕೂ ಬದಲಾಗದ ಒಂದು ಸಂಖ್ಯೆ ಕೊಡುತ್ತಾರೆ. ‘ಪರೀಕ್ಷೆ’ ಎಂಬ ಹೆಸರನ್ನು ಯಾರೋ ‘ಗುಣಮಟ್ಟ ತಪಾಸಣೆ’ ಎಂದು ಬದಲಿಸಿದರೂ ಸಂಖ್ಯೆ ಅದೇ ಇರುವುದರಿಂದ ಗೊಂದಲವಾಗುವುದಿಲ್ಲ.

ಎರಡನೆಯದಾಗಿ, ಯಾವ ವಿಷಯದಲ್ಲಿ ಯಾವುದರ ಮಾತು ಅಂತಿಮ ಎಂದು ಮೊದಲೇ ತೀರ್ಮಾನಿಸುತ್ತಾರೆ. ಕ್ರಮ ಮತ್ತು ನಿಯಮಕ್ಕೆ ನಕ್ಷೆ, ದಿನದ ಅಂಕಿಗಳಿಗೆ ಯಂತ್ರ.

ಮೂರನೆಯದಾಗಿ, ಕೊನೆಯ ಸಲ ಎರಡೂ ತಾಳೆಯಾದ ಪ್ರತಿಯನ್ನು ತೆಗೆದಿಡುತ್ತಾರೆ. ಆಮೇಲೆ ಒಂದು ಕಡೆ ಮಾತ್ರ ಬದಲಾಗಿದ್ದರೆ, ಆ ಬದಲಾವಣೆಗೆ ಒಪ್ಪಿಗೆ ಇದೆಯೇ ಎಂದು ನೋಡಿ ಇನ್ನೊಂದನ್ನೂ ತಿದ್ದಬಹುದು. ಎರಡು ಕಡೆಯೂ ಬೇರೆ ಬೇರೆಯಾಗಿ ಬದಲಾಗಿದ್ದರೆ ಕಂಪ್ಯೂಟರ್ ತಾನೇ ತೀರ್ಮಾನ ಮಾಡಬಾರದು. ಜವಾಬ್ದಾರಿ ಇರುವ ಮನುಷ್ಯರು ಕೂತು, ಯಾವುದು ಸರಿ ಎಂದು ಹೇಳಬೇಕು.

ಹೀಗೆ ಕೂತು ಹೇಳುವ ಹಕ್ಕು ಕಂಪನಿಯಲ್ಲಿ ಅಧಿಕಾರಿಗಳದು. ಸಹಕಾರ ಸಂಘದಲ್ಲಿ ಅದು ಆಡಳಿತ ಮಂಡಳಿಯದು, ಕೊನೆಗೆ ಮಹಾಸಭೆಯದು. ಅಂದರೆ ನಿಮ್ಮದು.

ನಿಮ್ಮ ಸಂಘದಲ್ಲಿ ಹೀಗೆ ಮಾಡಬಹುದು

ಇದಕ್ಕೆ ದುಬಾರಿ ತಂತ್ರಾಂಶ ಬೇಡ. ಒಂದು ಡ್ರಾಯಿಂಗ್ ಹಾಳೆ, ಒಂದು ನೋಟ್‌ಬುಕ್ ಸಾಕು.

ಕಾರ್ಯದರ್ಶಿ, ಹಾಲು ಪರೀಕ್ಷಕರು, ಇಬ್ಬರು ಮೂವರು ಸದಸ್ಯೆಯರು ಕೂತು ನಕ್ಷೆ ಬರೆಯಿರಿ. ಇರಬೇಕಾದದ್ದನ್ನು ಬರೆಯುವ ಮೊದಲು ಈಗ ನಡೆಯುತ್ತಿರುವುದನ್ನು ಇದ್ದ ಹಾಗೆ ಬರೆಯಿರಿ. ಕರೆಂಟ್ ಇಲ್ಲದ ದಿನ, ಹಾಲು ತಿರಸ್ಕೃತವಾದ ದಿನ, ವಾಹನ ತಡವಾದ ದಿನ ಏನಾಗುತ್ತದೆ ಎಂಬುದಕ್ಕೂ ಬಾಣ ಎಳೆಯಿರಿ. ಹಾಳೆಯ ಮೂಲೆಯಲ್ಲಿ ದಿನಾಂಕ ಮತ್ತು ಎಷ್ಟನೆಯ ಪ್ರತಿ ಎಂದು ಹಾಕಿ.

ನೋಟ್‌ಬುಕ್ಕಿನಲ್ಲಿ ಪ್ರತಿ ಬದಲಾವಣೆಗೂ ಒಂದು ಸಾಲು: ಸುತ್ತೋಲೆ ಅಥವಾ ನಡವಳಿಯ ದಿನಾಂಕ, ಜಾರಿಗೆ ಬರುವ ದಿನ, ನಕ್ಷೆ ತಿದ್ದಿದ ದಿನ, ಯಂತ್ರಕ್ಕೆ ಏರಿಸಿದ ದಿನ, ಏರಿಸಿದವರ ಸಹಿ. ಜಾರಿಯ ದಿನಕ್ಕೂ ಯಂತ್ರಕ್ಕೆ ಏರಿಸಿದ ದಿನಕ್ಕೂ ಅಂತರವಿದ್ದರೆ ಬಾಕಿ ಕೊಡಬೇಕಾದದ್ದು ಎಷ್ಟು ಎಂದು ಅಲ್ಲೇ ಗೊತ್ತಾಗುತ್ತದೆ.

ಯಂತ್ರದ ಕಂಪನಿಯವರು ಬಂದು ತಂತ್ರಾಂಶ ಬದಲಿಸಿ ಹೋದಾಗಲೂ ಒಂದು ಸಾಲು ಬರೆಯಲೇಬೇಕು. ನಿಯಮ ಬದಲಾಗದಿದ್ದರೂ ಅಂಕಿ ಎಣಿಸುವ ರೀತಿ ಬದಲಾಗಿರಬಹುದು. ಉದಾಹರಣೆಗೆ, ಜಿಡ್ಡಿನ ಅಂಶ 3.98 ಬಂದರೆ ಅದನ್ನು 4.0 ಎಂದು ಹಿಡಿಯುವುದೋ, ಕೊನೆಯ ಅಂಕಿ ಬಿಟ್ಟು 3.9 ಎಂದು ಹಿಡಿಯುವುದೋ ಎಂಬುದರ ಮೇಲೆ ಆ ದಿನದ ದರ ನಿಂತಿರುತ್ತದೆ.

ಪ್ರತಿ ಬದಲಾವಣೆಯ ನಂತರ ಒಬ್ಬ ಸದಸ್ಯೆಯ ಒಂದು ಹೊತ್ತಿನ ಹಾಲನ್ನು ಕೈಯಾರೆ ಲೆಕ್ಕ ಹಾಕಿ. ಎಷ್ಟು ಲೀಟರ್, ಜಿಡ್ಡು ಎಷ್ಟು, ಎಸ್‌ಎನ್‌ಎಫ್ ಎಷ್ಟು, ದರಪಟ್ಟಿಯಲ್ಲಿ ಅದಕ್ಕೆ ಎಷ್ಟು ರೂಪಾಯಿ. ಯಂತ್ರದ ಚೀಟಿಯೂ ಅಷ್ಟೇ ತೋರಿಸಿದರೆ ಸರಿ. ಬಟವಾಡೆಯ ದಿನ ಬ್ಯಾಂಕ್ ಖಾತೆಗೆ ಬಂದ ಮೊತ್ತವನ್ನೂ ಆ ಅವಧಿಯ ಚೀಟಿಗಳ ಜೊತೆ ತಾಳೆ ನೋಡಿ.

ರಾಜ್ಯ ಸರ್ಕಾರದ ಪ್ರೋತ್ಸಾಹಧನಕ್ಕೂ ಇದೇ ಕ್ರಮ. 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಆರಂಭವಾದ ಅದು 5 ರೂಪಾಯಿಗೆ ಏರಿದೆ. ಅದು ಹಾಲಿನ ಬಟವಾಡೆಯ ಜೊತೆ ಬರದೆ ಬೇರೆ ದಾರಿಯಲ್ಲಿ ನೇರವಾಗಿ ಬ್ಯಾಂಕ್ ಖಾತೆಗೆ ಬರುವುದರಿಂದ ನಕ್ಷೆಯಲ್ಲಿ ಅದಕ್ಕೊಂದು ಪ್ರತ್ಯೇಕ ದಾರಿ ಬೇಕು. ಹಣ ಬಾರದಿದ್ದರೆ ಎಲ್ಲಿ ನಿಂತಿದೆ ಎಂದು ಆ ದಾರಿ ಹಿಡಿದು ಕೇಳಬಹುದು: ಸಂಘದಿಂದ ಪಟ್ಟಿ ಹೋಗಿದೆಯೇ, ಒಕ್ಕೂಟದಲ್ಲಿ ನಿಮ್ಮ ಹೆಸರು ಮತ್ತು ಖಾತೆ ಸಂಖ್ಯೆ ಸರಿಯಿದೆಯೇ, ಸರ್ಕಾರದಿಂದ ಬಿಡುಗಡೆಯಾಗಿದೆಯೇ, ಬ್ಯಾಂಕಿನಲ್ಲಿ ಹಿಂತಿರುಗಿದೆಯೇ. ‘ನನ್ನ ಸಬ್ಸಿಡಿ ಬಂದಿಲ್ಲ’ ಎಂದರೆ ‘ಬರುತ್ತೆ ಬಿಡಮ್ಮ’ ಎಂಬ ಉತ್ತರ ಸಿಗಬಹುದು. ‘ಯಾವ ಹಂತದಲ್ಲಿದೆ?’ ಎಂದು ಕೇಳಿದರೆ ಯಾರಾದರೂ ದಾಖಲೆ ತೆರೆದು ನೋಡಲೇಬೇಕಾಗುತ್ತದೆ.

ಕೇಳುವುದು ಜಗಳವಲ್ಲ

ಹೀಗೆ ತಾಳೆ ನೋಡಿದರೆ ಕಾರ್ಯದರ್ಶಿಯ ಮೇಲೆ ಅನುಮಾನ ಪಟ್ಟಂತೆ ಆಗುತ್ತದೆಯೇ ಎಂಬ ಅಳುಕು ಬೇಡ. ಹೆಚ್ಚಿನ ಸಲ ತಪ್ಪು ಯಾರೂ ಬೇಕೆಂದು ಮಾಡಿದ್ದಲ್ಲ. ಸುತ್ತೋಲೆ ಒಂದು ಕಡೆ ತಲುಪಿ ಇನ್ನೊಂದು ಕಡೆ ತಲುಪದೆ ಹೋದದ್ದು. ಬರೆದ ನಕ್ಷೆ ಮತ್ತು ಸಹಿ ಹಾಕಿದ ನೋಟ್‌ಬುಕ್ ಇದ್ದರೆ ಮೊದಲು ಕಾಪಾಡುವುದು ಪ್ರಾಮಾಣಿಕ ಕಾರ್ಯದರ್ಶಿಯನ್ನೇ.

ಇವತ್ತಿನಿಂದ ಮೂರು ಕೆಲಸ ಮಾಡಿ. ಹಾಲಿನ ಚೀಟಿಯನ್ನು ಎಸೆಯದೆ ಬಟವಾಡೆ ಆಗುವ ತನಕ ಒಂದು ಡಬ್ಬಿಯಲ್ಲಿ ಹಾಕಿಡಿ. ಸಂಘದ ಪುಸ್ತಕದಲ್ಲಿ, ಯಂತ್ರದಲ್ಲಿ, ಬ್ಯಾಂಕಿನಲ್ಲಿ ನಿಮ್ಮ ಹೆಸರು ಮತ್ತು ಸದಸ್ಯ ಸಂಖ್ಯೆ, ಖಾತೆ ಸಂಖ್ಯೆ ಒಂದೇ ರೀತಿ ಇವೆಯೇ ಎಂದು ಈ ತಿಂಗಳೊಳಗೆ ನೋಡಿಸಿಕೊಳ್ಳಿ. ಸಂಘದ ಮುಂದಿನ ಸಭೆಯಲ್ಲಿ ಎದ್ದು ನಿಂತು ಈ ಒಂದು ಪ್ರಶ್ನೆ ಕೇಳಿ: ನಮ್ಮ ಕೆಲಸದ ನಕ್ಷೆಯನ್ನೂ ಯಂತ್ರವನ್ನೂ ಕೊನೆಯ ಸಲ ತಾಳೆ ನೋಡಿದ್ದು ಯಾವ ದಿನ? ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆಸಿ. ಓದಲು ಬಾರದ ಅಕ್ಕ ಪಕ್ಕದಲ್ಲಿ ಕೂತಿದ್ದರೆ ಅವರ ಚೀಟಿಯನ್ನೂ ಓದಿ ಹೇಳಿ.