ಧೋಂಡಿಯಾ ವಾಘ: ಒಬ್ಬ ರಾವುತನ ಏಳುಬೀಳು

ರಾಜರ ಚರಿತ್ರೆ ಬರೆಯಲು ಆಸ್ಥಾನದ ಕವಿಗಳಿರುತ್ತಾರೆ. ರಾವುತನ ಚರಿತ್ರೆ ಬರೆಯಲು ಸಾಮಾನ್ಯವಾಗಿ ಅವನ ವೈರಿಯೇ ಆಗಬೇಕು. ಧೋಂಡಿಯಾ ವಾಘನ ವಿಷಯದಲ್ಲಿ ಆದದ್ದು ಇದೇ. ಅವನ ಕುರಿತು ನಮಗೆ ತಿಳಿದಿರುವುದರಲ್ಲಿ ಬಹುಪಾಲು ಅವನನ್ನು ಬೆನ್ನಟ್ಟಿದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಪತ್ರಗಳಿಂದ ಬಂದದ್ದು. ಈ ವೆಲ್ಲೆಸ್ಲಿಯೇ ಮುಂದೆ 1815ರಲ್ಲಿ ವಾಟರ್ಲೂ ಕದನದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಆಫ್ ವೆಲಿಂಗ್ಟನ್.

ಧೋಂಡಿಯಾ ಚನ್ನಗಿರಿಯವನು, ಮರಾಠಾ ಮನೆತನದಲ್ಲಿ ಹುಟ್ಟಿದವನು. ಹೈದರಾಲಿಯ ಕುದುರೆ ದಂಡಿನಲ್ಲಿ ಸೇರಿ ಬೆಳೆದನು. 1790ರಿಂದ 1792ರವರೆಗೆ ನಡೆದ ಯುದ್ಧದ ಗೊಂದಲದಲ್ಲಿ ಟಿಪ್ಪುವಿನ ಸೇವೆಯನ್ನು ಬಿಟ್ಟು, ಲಕ್ಷ್ಮೇಶ್ವರದ ದೇಸಾಯಿಯ ಆಶ್ರಯ ಹಿಡಿದು, ಧಾರವಾಡದ ಸುತ್ತಲಿನ ಸೀಮೆಯಲ್ಲಿ ಸುಲಿಗೆ ನಡೆಸಿದನು. 1794ರಲ್ಲಿ ಮತ್ತೆ ಟಿಪ್ಪುವಿನ ಬಳಿಗೆ ಬಂದಾಗ ಇಸ್ಲಾಮಿಗೆ ಮತಾಂತರಗೊಂಡು ಮಲಿಕ್ ಜಹಾನ್ ಖಾನ್ ಎನಿಸಿದನು. ಕಡೆಗೆ ಶ್ರೀರಂಗಪಟ್ಟಣದ ಸೆರೆಮನೆ ಸೇರಿದನು. 1799ರ ಮೇ 4ರಂದು ಕೋಟೆ ಬಿದ್ದಿತು. ಟಿಪ್ಪು ಮಡಿದನು, ಅವನ ಸೆರೆಯಾಳು ಹೊರಗೆ ಬಂದನು.

ಇನ್ನು ಮುಂದಿನದು ಅಚ್ಚರಿಯ ಕಥೆ. ಒಡೆಯನನ್ನು ಕಳೆದುಕೊಂಡ ಮೈಸೂರಿನ ಕುದುರೆ ಸವಾರರಿಗೆ ಸಂಬಳವಿಲ್ಲ, ನೆಲೆಯಿಲ್ಲ. ಕುದುರೆಗೆ ಮೇವು ಹಾಕಲಾರದ ರಾವುತ ತನ್ನನ್ನು ಕರೆಯುವ ನಾಯಕನ ಹಿಂದೆ ಹೋಗದೆ ಏನು ಮಾಡಿಯಾನು? ಅಂಥವರನ್ನು ಕೂಡಿಸಿಕೊಂಡು ಧೋಂಡಿಯಾ ಬಿದನೂರು ಸೀಮೆಯಲ್ಲಿ ಎದ್ದನು. ಅದೇ ವರ್ಷ ಕಂಪನಿಯ ಸೇನೆ ಅವನನ್ನು ಉತ್ತರಕ್ಕೆ ಅಟ್ಟಿದರೂ, ಮರುವರ್ಷ ಸಾವಿರಾರು ಸವಾರರೊಡನೆ ಮರಳಿ, ತನ್ನನ್ನು ಎರಡು ಲೋಕಗಳ ಅರಸನೆಂದು ಕರೆದುಕೊಂಡನು.

1800ರ ಜೂನ್ ಕೊನೆಯಲ್ಲಿ ಕಿತ್ತೂರಿನ ಸಮೀಪ ಮರಾಠರ ಸರದಾರ ಧೋಂಡೋಪಂತ ಗೋಖಲೆ ಇವನ ಕೈಯಲ್ಲಿ ಸತ್ತನು. ಆ ಹೊತ್ತಿಗಾಗಲೇ ವೆಲ್ಲೆಸ್ಲಿ ತುಂಗಭದ್ರೆಯನ್ನು ದಾಟಿದ್ದನು. ಕುಂದಗೋಳ, ಡಂಬಳಗಳ ಕೋಟೆಗಳು ಜುಲೈಯಲ್ಲಿ ಅವನ ವಶವಾದವು. ಆದರೆ ಕೋಟೆ ಹಿಡಿದರೆ ರಾವುತ ಸಿಕ್ಕುವನೆ? ಈ ಯುದ್ಧದ ನಿಜವಾದ ಕೋಟೆಗಳೆಂದರೆ ಮಳೆಗಾಲದ ನದಿಗಳು. ಖಾನಾಪುರ ಸೀಮೆಯ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಜುಲೈಯಲ್ಲಿ ತುಂಬಿ ಹರಿಯುತ್ತದೆ. ದಡ ಮುಟ್ಟಿದ ಕುದುರೆಯೂ ಅಲ್ಲಿ ನಿಲ್ಲಲೇಬೇಕು. ಜುಲೈ 30ರಂದು ಮುನವಳ್ಳಿಯ ಬಳಿ ಧೋಂಡಿಯಾನ ಪಡೆಯ ಒಂದು ಭಾಗ ಹೀಗೆ ನದಿಗೂ ಶತ್ರುವಿಗೂ ನಡುವೆ ಸಿಕ್ಕಿಬಿದ್ದಿತು. ಕತ್ತಿಯಿಂದ ಸತ್ತವರಷ್ಟೇ ಅಲ್ಲ, ಹೊಳೆಯ ಪಾಲಾದವರೂ ಅನೇಕರು. ಧೋಂಡಿಯಾ ಮಾತ್ರ ಮಲಪ್ರಭೆಯ ಮೂಲದ ಕಡೆಯ ಕಾಡುಗಳಲ್ಲಿ ಹಾಯ್ದು ತಪ್ಪಿಸಿಕೊಂಡನು. ವೆಲ್ಲೆಸ್ಲಿ ಕಿತ್ತೂರಿನಲ್ಲಿ ದೋಣಿ ಕಟ್ಟಿಸಲು ಕಾಯಬೇಕಾಯಿತು.

ಸೆಪ್ಟೆಂಬರ್ 10ರಂದು, ನಿಜಾಮನ ಸೀಮೆಯ ಕೋಣಗಲ್ಲಿನಲ್ಲಿ ಬೆನ್ನಟ್ಟುವಿಕೆ ಮುಗಿಯಿತು. ಧೋಂಡಿಯಾನ ಬಳಿ ಸುಮಾರು 5,000 ಕುದುರೆಗಳು. ವೆಲ್ಲೆಸ್ಲಿಯ ಬಳಿ ನಾಲ್ಕೇ ಅಶ್ವದಳಗಳು. ಅವುಗಳನ್ನು ಒಂದೇ ಸಾಲಿನಲ್ಲಿ ಹರಡಿ, ತಾನೇ ಮುಂದಾಗಿ ನುಗ್ಗಿದನು. ಧೋಂಡಿಯಾ ಸತ್ತನು. ಅವನ ದೇಹವನ್ನು ತೋಪಿನ ಗಾಡಿಗೆ ಕಟ್ಟಿ ಬಿಡಾರಕ್ಕೆ ತಂದರು.

ಸಾಮಾನು ಸರಂಜಾಮುಗಳ ನಡುವೆ ಧೋಂಡಿಯಾನ ಎಳೆಯ ಮಗ ಸಲಾಬತ್ ಖಾನ್ ಸಿಕ್ಕಿದನು. ಗೆದ್ದವನೇ ಅವನನ್ನು ಸಾಕಿದನು. 1805ರಲ್ಲಿ ಭಾರತವನ್ನು ಬಿಡುವಾಗ ಅವನ ಪೋಷಣೆಗೆ ಹಣವಿಟ್ಟು ಹೋದನು. ಹುಡುಗ ಬೆಳೆದು ಮೈಸೂರು ಅರಸರ ಸೇವೆ ಸೇರಿ, 1822ರಲ್ಲಿ ಕಾಲರಾದಿಂದ ತೀರಿಕೊಂಡನು.

ಧೋಂಡಿಯಾ ದರೋಡೆಕಾರನೋ, ಸ್ವಾತಂತ್ರ್ಯದ ಕಟ್ಟಾಳೋ? ಸುಲಿಗೆ ಮಾಡಿದ್ದು ಸುಳ್ಳಲ್ಲ; ಅದರ ಬಿಸಿ ಉಂಡವರು ನಮ್ಮ ಹಳ್ಳಿಗಳವರೇ. ಆದರೆ ಆ ಕಾಲದ ದಂಡುಗಳಲ್ಲಿ ಹಳ್ಳಿಯ ಕಣಜಕ್ಕೆ ಕೈಹಾಕದ ದಂಡು ವಿರಳ. ಗೆದ್ದು ಗದ್ದುಗೆಯೇರಿದವನ ಸುಲಿಗೆಯನ್ನು ಚರಿತ್ರೆ ಕಂದಾಯವೆಂದು ಕರೆಯುತ್ತದೆ. ಸೋತವನದಕ್ಕೆ ಸುಲಿಗೆಯೆಂಬ ಹೆಸರೇ ಉಳಿಯುತ್ತದೆ. ಧೋಂಡಿಯಾನನ್ನು ಹೊಗಳದೆಯೂ, ಅವನ ಬಗೆಗಿನ ತೀರ್ಪನ್ನು ಅವನ ವೈರಿಗೆ ಮಾತ್ರ ಬಿಟ್ಟುಕೊಡದೆಯೂ ಓದುವುದು ನಮಗೆ ಸಾಧ್ಯವಾಗಬೇಕು.