ತಂದೆ ಆಡಿದ ಆಟ, ಮಕ್ಕಳು ಕಂಡ ನೋಟ

ತಾನು ಹರೆಯದಲ್ಲಿ ಏನು ಮಾಡುತ್ತಿದ್ದೆ ಎಂಬುದನ್ನು ಮಕ್ಕಳಿಗೆ ತೋರಿಸಬೇಕೆಂದರೆ ತಂದೆಯಾದವನು ಏನು ಮಾಡಬೇಕು? ಹಳೆಯ ಆಲ್ಬಂ ತೆಗೆಯಬಹುದು, ಕಥೆ ಹೇಳಬಹುದು. ಬ್ರಿಟನ್ನಿನ ಹೆಸರಾಂತ ರಾಕ್ ಗಾಯಕ ಪೀಟರ್ ಗೇಬ್ರಿಯಲ್ ತಮ್ಮ ಮಕ್ಕಳನ್ನು ಬ್ರಿಸ್ಟಲ್ ನಗರದ ಒಂದು ಸಂಗೀತ ಕಾರ್ಯಕ್ರಮಕ್ಕೇ ಕರೆದೊಯ್ದರು. ಅಲ್ಲಿ ಅವರಂತೆಯೇ ವೇಷ ತೊಟ್ಟು, ಅವರಂತೆಯೇ ಹಾಡಿದವನು ಕೆನಡಾದ ಕಲಾವಿದ! ತಂಡದ ಹೆಸರು 'ದ ಮ್ಯೂಸಿಕಲ್ ಬಾಕ್ಸ್'.

ಒಂದು ಪ್ರಸಿದ್ಧ ತಂಡದ ಹಾಡುಗಳನ್ನಷ್ಟೇ ನುಡಿಸುವ ಇಂಥವರನ್ನು 'ಟ್ರಿಬ್ಯೂಟ್ ಬ್ಯಾಂಡ್' ಎನ್ನುತ್ತಾರೆ. ಗೌರವ ಸಲ್ಲಿಸುವ ವಾದ್ಯವೃಂದ ಎಂದರ್ಥ. 1993ರಲ್ಲಿ ಮಾಂಟ್ರಿಯಲ್ ನಗರದಲ್ಲಿ ಹುಟ್ಟಿದ ಈ ತಂಡ ಆರಿಸಿಕೊಂಡದ್ದು ಗೇಬ್ರಿಯಲ್ ಹಿಂದೆ ಹಾಡುತ್ತಿದ್ದ 'ಜೆನೆಸಿಸ್' ತಂಡವನ್ನು.

ಜೆನೆಸಿಸ್ ಹುಟ್ಟಿದ್ದು 1967ರಲ್ಲಿ, ಇಂಗ್ಲೆಂಡಿನ ಚಾರ್ಟರ್‌ಹೌಸ್ ಶಾಲೆಯ ವಿದ್ಯಾರ್ಥಿಗಳಿಂದ. ಮೂರು ನಿಮಿಷದ ಪ್ರೇಮಗೀತೆ ಅವರಿಗೆ ಸಾಲಲಿಲ್ಲ. 1972ರ 'ಫಾಕ್ಸ್‌ಟ್ರಾಟ್' ಧ್ವನಿಮುದ್ರಿಕೆಯ ಒಂದು ರಚನೆಯ ಅವಧಿ ಸುಮಾರು 23 ನಿಮಿಷ! ಅದರ ಒಂದು ಭಾಗದಲ್ಲಿ ತಾಳ ಒಂಬತ್ತರ ಎಣಿಕೆಯಲ್ಲಿ ಸಾಗುತ್ತದೆ. 1973ರ ಇನ್ನೊಂದು ರಚನೆಯಲ್ಲಿ ಏಳರ ಎಣಿಕೆ. ಮಿಶ್ರಛಾಪು ತಾಳಕ್ಕೆ ಕೈ ತಟ್ಟಿದವರಿಗೆ ಇದರ ಸೊಗಸೂ ಗೊತ್ತು, ಕಷ್ಟವೂ ಗೊತ್ತು. ಇದರ ಜೊತೆಗೆ ಗೇಬ್ರಿಯಲ್ ಒಮ್ಮೆ ನರಿಯ ತಲೆ, ಒಮ್ಮೆ ಹೂವಿನ ಮುಖವಾಡ ತೊಟ್ಟು ಹಾಡನ್ನು ನಾಟಕವಾಗಿಸುತ್ತಿದ್ದರು.

1974ರ ನವೆಂಬರಿನಿಂದ 1975ರ ಮೇ ವರೆಗೆ ಜೆನೆಸಿಸ್ 'ದ ಲ್ಯಾಂಬ್ ಲೈಸ್ ಡೌನ್ ಆನ್ ಬ್ರಾಡ್‌ವೇ' ಎಂಬ ಕಥಾಸಂಗೀತವನ್ನು ಊರೂರಿನಲ್ಲಿ ಪ್ರದರ್ಶಿಸಿತು. ಹಿಂದೆ ಮೂರು ಪರದೆಗಳು, ಅವುಗಳ ಮೇಲೆ ಸಾವಿರಕ್ಕೂ ಹೆಚ್ಚು ಸ್ಲೈಡ್‌ಗಳು. ಆದರೆ ಇಡೀ ಪ್ರದರ್ಶನದ ಚಲನಚಿತ್ರ ಉಳಿಯಲಿಲ್ಲ. ಪ್ರವಾಸ ಮುಗಿಯಿತು, ಗೇಬ್ರಿಯಲ್ ತಂಡ ಬಿಟ್ಟರು, ಆಟ ಕಣ್ಮರೆಯಾಯಿತು.

ಮಾಂಟ್ರಿಯಲ್ ಕಲಾವಿದರ ಕೆಲಸ ಆರಂಭವಾದದ್ದೇ ಇಲ್ಲಿ. ಹಳೆಯ ಛಾಯಾಚಿತ್ರ, ಪ್ರೇಕ್ಷಕರು ಮುದ್ರಿಸಿಕೊಂಡಿದ್ದ ಟೇಪು, ತುಣುಕು ಫಿಲ್ಮು—ಸಿಕ್ಕಿದ್ದನ್ನೆಲ್ಲ ಕೂಡಿಸಿ, ಒಂದಕ್ಕೊಂದು ತಾಳೆ ನೋಡಿದರು. ಅಂದಿನ ವಾದ್ಯಗಳ ನಾದವನ್ನೂ ಬಿಡಲಿಲ್ಲ. ಅವುಗಳಲ್ಲಿ ಮೆಲೋಟ್ರಾನ್ ಒಂದು ವಿಚಿತ್ರ ವಾದ್ಯ. ಅದರ ಪ್ರತಿ ಕೀಲಿಯ ಕೆಳಗೂ ಪಿಟೀಲು, ಕೊಳಲು ಮೊದಲಾದವುಗಳ ಧ್ವನಿ ತುಂಬಿದ ಟೇಪಿನ ಪಟ್ಟಿ. ಕೀಲಿ ಒತ್ತಿ ಹಿಡಿದರೂ ಸುಮಾರು ಎಂಟು ಸೆಕೆಂಡಿಗೆ ಸ್ವರ ನಿಂತುಹೋಗುತ್ತದೆ! ಇವರ ಶ್ರದ್ಧೆ ಕಂಡ ಜೆನೆಸಿಸ್ 'ಲ್ಯಾಂಬ್' ಪ್ರದರ್ಶನಕ್ಕೆ ಅನುಮತಿ ನೀಡಿತು. ಮೂಲ ಸ್ಲೈಡ್‌ಗಳೂ ದೊರೆತವು. 2005ರಲ್ಲಿ ಜಿನೀವಾದಲ್ಲಂತೂ ಜೆನೆಸಿಸ್‌ನ ಫಿಲ್ ಕಾಲಿನ್ಸ್ ತಾವೇ ಇವರೊಡನೆ ಕುಳಿತು ಡ್ರಮ್ ಬಾರಿಸಿದರು.

ಇದು ಬರೀ ನಕಲಲ್ಲವೇ ಎಂದು ಕೇಳುವವರುಂಟು. ತ್ಯಾಗರಾಜರ ಕೃತಿಯನ್ನು ಪಾಠಾಂತರ ಕೆಡದಂತೆ ಹಾಡುವವರನ್ನು ನಾವು ನಕಲಿಗಳೆನ್ನುತ್ತೇವೆಯೇ? ಪಕ್ಕದವನ ಉತ್ತರಪತ್ರಿಕೆ ನೋಡಿ ಬರೆಯಲು ತಿಳಿವಳಿಕೆ ಬೇಕಿಲ್ಲ. ಒಂಬತ್ತರ ತಾಳವನ್ನು ತಪ್ಪದೆ ನುಡಿಸಲು ಮಾತ್ರ ಅದನ್ನು ಅರಿಯಲೇಬೇಕು. ನಿಜ, ಇವರಿಂದ ಹೊಸ ರಾಗ ಹುಟ್ಟುವುದಿಲ್ಲ. ಹೊಸದನ್ನು ಹುಡುಕಿಕೊಂಡು ಗೇಬ್ರಿಯಲ್ ಮುಂದೆ ನಡೆದರು, ಅದೂ ಸರಿಯೇ. ಆದರೆ ಮುಂದೆ ನಡೆಯುವವರ ಹಿಂದೆ ಜೋಪಾನ ಮಾಡುವವರೂ ಬೇಕು.

ಮನೆಯಲ್ಲಿ ಗಿಟಾರ್ ಹಿಡಿದ ಮಗನೋ ಮಗಳೋ ಒಂದೇ ಹಾಡನ್ನು ನೂರು ಸಲ ನುಡಿಸುತ್ತಿದ್ದರೆ ತಂದೆ ತಾಯಂದಿರು ಗದರಿಸುವ ಮುನ್ನ ಸ್ವಲ್ಪ ಯೋಚಿಸಲಿ. ಅಂಥ ಜೋಪಾನ ಮಾಡುವವರು ಇರದಿದ್ದರೆ ಗೇಬ್ರಿಯಲ್ ಬಳಿಯೂ ಮಕ್ಕಳಿಗೆ ತೋರಿಸಲು ಹಳೆಯ ಆಲ್ಬಮ್ಮೇ ಉಳಿಯುತ್ತಿತ್ತು.